ಕಡಲಿಲ್ಲದ ಸೀಮೆಯ ನಡುಗಡ್ಡೆ

ಸಮುದ್ರವೆಂಬ ಶಬ್ದವನ್ನು ಹೆಸರಿನ ತುದಿಯಲ್ಲಿ ಧರಿಸಿರುವ ಊರುಗಳು ಕನ್ನಡ ನಾಡಿನ ಒಳಸೀಮೆಯಲ್ಲಿ ಅನೇಕವಾಗಿ ಉಂಟು. ಹೊಯ್ಸಳರ ರಾಜಧಾನಿಯೇ ದ್ವಾರಸಮುದ್ರವೆನಿಸಿಕೊಂಡಿತ್ತು. ಕೆರೆಯನ್ನು ಕಟ್ಟಿಸಿದ ಅರಸನೋ ದಂಡನಾಯಕನೋ, ತಾನು ತಡೆದು ನಿಲ್ಲಿಸಿದ ಜಲರಾಶಿಯು ಕಡಲಿಗೆ ಎಣೆಯಾಗಲೆಂದು ಹಾರೈಸಿ ಇಟ್ಟ ಹೆಸರುಗಳು ಇವು. ಕಡಲನ್ನು ಕಾಣದ ಜನ ಕಡಲನ್ನು ನೆನೆದುಕೊಂಡ ಬಗೆಯೂ ಇದೇ ಎಂದು ನನಗೆ ತೋರುತ್ತದೆ. ಆದರೆ ಕೊಳ್ಳೇಗಾಲದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ, ಸತ್ತೇಗಾಲದ ಆಚೆಗೆ, ಕಾವೇರಿಯು ಇಬ್ಭಾಗವಾಗಿ ಹರಿದು ತನ್ನ ಎರಡು ತೋಳುಗಳ ನಡುವೆ ಎತ್ತಿಕೊಂಡಿರುವ ಶಿವನಸಮುದ್ರವು ಕೆರೆಯ ಹೆಸರಲ್ಲ. ಅದು ಸುಮಾರು ಮೂರು ಮೈಲಿ ಉದ್ದದ, ಮುಕ್ಕಾಲು ಮೈಲಿ ಅಗಲದ ದ್ವೀಪ. ಸುತ್ತಲೂ ಹರಿವ ನೀರು, ನಡುವೆ ಗುಡಿ, ಹೊಲ, ಕುರುಚಲು ಕಾಡು, ಕಾಲುದಾರಿ.

ಪರದೇಶದಲ್ಲಿ ನೆಲಸಿರುವ ನನ್ನ ಬಂಧುಗಳ ಮನೆಯ ಹುಡುಗಿಯೊಬ್ಬಳು ಈಚೆಗೆ ಗ್ರೀಸ್ ದೇಶಕ್ಕೆ ಹೋಗಿ, ಏಜಿಯನ್ ಸಮುದ್ರದ ಸಿಕ್ಲಾಡೀಸ್ ದ್ವೀಪಸಮೂಹದಲ್ಲೆಲ್ಲ ದೊಡ್ಡದಾದ ನಾಕ್ಸಾಸಿನಲ್ಲಿ ತಾನು ಕಳೆದ ಒಂದು ದಿನವನ್ನು ಕುರಿತು ನನಗೆ ಸಾವಕಾಶವಾಗಿ ಹೇಳಿದಳು. ಊರಿನ ಬಂದರಿನಿಂದ ಕಲ್ಲುಕಟ್ಟೆಯ ದಾರಿಯೊಂದು ಪುಟ್ಟ ದಿಣ್ಣೆಗೆ ಹೋಗುತ್ತದೆಯಂತೆ. ಅದರ ನೆತ್ತಿಯಲ್ಲಿ ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಅಪೊಲೊ ದೇವನಿಗೆಂದು ಆರಂಭಿಸಿ ಪೂರೈಸದೆ ಬಿಟ್ಟ ದೇವಾಲಯದ ಅಮೃತಶಿಲೆಯ ಬಾಗಿಲುವಾಡವೊಂದೇ ಆಕಾಶಕ್ಕೆ ಚೌಕಟ್ಟು ಹಾಕಿದಂತೆ ನಿಂತಿದೆಯಂತೆ. ಅಲ್ಲಿಂದ ಹೊರಟು, ಕತ್ತೆಗಳೂ ಮೇಕೆಗಳೂ ಶತಮಾನಗಳಿಂದ ಸವೆಸಿದ ದಾರಿಗಳಲ್ಲಿ ಒಂದು ಮರಳದಂಡೆಯಿಂದ ಇನ್ನೊಂದಕ್ಕೆ ನಡೆಯುತ್ತ, ದಣಿದಲ್ಲಿ ಕುಳಿತು, ಸೆಕೆಯಾದಾಗ ನೀರಿಗಿಳಿದು, ಬ್ರೆಡ್ಡನ್ನೂ ಗಿಣ್ಣನ್ನೂ ತಿಂದು ಅವಳು ಸಂಜೆ ಮಾಡಿದಳು. ‘ಅಷ್ಟು ದೂರ ಹೋಗಿ ಆ ದಿನವೆಲ್ಲ ಏನು ಮಾಡಿದೆಯಮ್ಮ?’ ಎಂದು ಕೇಳಿದ್ದಕ್ಕೆ ‘ಏನೂ ಮಾಡಲಿಲ್ಲ ದೊಡ್ಡಪ್ಪ, ದಡದ ಗುಂಟ ನಡೆದೆ, ಅಷ್ಟೆ’ ಎಂದಳು. ಆ ಉತ್ತರವು ನನ್ನ ಮನಸ್ಸಿನಲ್ಲಿ ಬಹುಕಾಲ ನಿಂತಿತು. ನಮ್ಮ ಸೀಮೆಯ ದ್ವೀಪಕ್ಕೆ ನಾನು ಹತ್ತಾರು ಸಲ ಹೋಗಿದ್ದೇನೆ. ಜಲಪಾತಗಳನ್ನು ನೋಡಿದ್ದೇನೆ, ದೇವರಿಗೆ ಕೈಮುಗಿದಿದ್ದೇನೆ, ನೆಂಟರಿಷ್ಟರಿಗೆ ತೋರಿಸಿ ಕರೆತಂದಿದ್ದೇನೆ. ಆದರೆ ದಡದ ಗುಂಟ ಒಂದು ದಿನ ಸುಮ್ಮನೆ ನಡೆದವನಲ್ಲ.

ಗ್ರೀಕರ ಮಾತು ಬಂದದ್ದರಿಂದ ಇಲ್ಲಿಯೇ ಒಂದು ವಿಷಯವನ್ನು ಜ್ಞಾಪಿಸಿಕೊಳ್ಳಬೇಕು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಹಳೆಯ ಪಪೈರಸ್ ಹಾಳೆಗಳಲ್ಲಿ ಗ್ರೀಕ್ ಭಾಷೆಯ ಪ್ರಹಸನವೊಂದಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ ಖಾರಿಟಿಯಾನ್ ಎಂಬ ಗ್ರೀಕ್ ತರುಣಿಯನ್ನು ಅವಳ ಸೋದರನು ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿ ಈ ನಾಡಿನ ಪಾತ್ರಗಳ ಬಾಯಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೇ ಇರಬೇಕೆಂದು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸನು ಮೊದಲು ಸೂಚಿಸಿದನು; ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಿಚಾರವನ್ನು ಮುಂದಕ್ಕೆ ಬೆಳೆಸಿದರು. ಒಪ್ಪದವರೂ ಇದ್ದಾರೆ, ಆ ವಾದವು ಹೇಗೇ ತೀರಲಿ, ಗ್ರೀಕರ ನಾವೆಗಳು ನಮ್ಮ ಪಶ್ಚಿಮದ ದಡವನ್ನು ಮುಟ್ಟುತ್ತಿದ್ದುದಂತೂ ದಿಟ. ಅವರು ನಮ್ಮ ದಡವನ್ನು ನೋಡಿದ್ದರು. ನಾವು ನಮ್ಮದನ್ನು ನೋಡಿದ್ದೇವೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಕಾರ್ತಿಕ ಮಾಸದ ಒಂದು ಮುಂಜಾನೆ, ಮಳೆಗಾಲದ ಕೆನ್ನೀರು ಇಳಿದು ಹೊಳೆಯು ತಿಳಿಯಾದ ಮೇಲೆ, ನಾನೂ ಯಳಂದೂರಿನ ನನ್ನ ಮಿತ್ರರಾದ ನಿವೃತ್ತ ಉಪಾಧ್ಯಾಯರೊಬ್ಬರೂ ಬುತ್ತಿಯನ್ನು ಕಟ್ಟಿಕೊಂಡು ಕೊಳ್ಳೇಗಾಲದಿಂದ ಹೊರಟೆವು. ದಾರಿಯಲ್ಲಿ ಹಿಪ್ಪುನೇರಳೆಯ ತೋಟಗಳು ಇಬ್ಬನಿಯಲ್ಲಿ ತೊಯ್ದಿದ್ದವು. ಹೊಳೆಯ ಅಂಚಿಗೆ ಬಂದೊಡನೆ ಮೇಷ್ಟ್ರು ಬಾಗಿ ಒಂದು ಬೊಗಸೆ ನೀರನ್ನು ಮುಖಕ್ಕೆ ಎರಚಿಕೊಂಡು, ‘ನಮ್ಮೂರ ನೀರೂ ಇದರಲ್ಲಿ ಉಂಟು’ ಎಂದರು. ಅದು ಸತ್ಯವಾದ ಮಾತು. ಚಾಮರಾಜನಗರವನ್ನೂ ಯಳಂದೂರನ್ನೂ ಹಾದು ಬರುವ ಸುವರ್ಣಾವತಿಯು, ಜನರ ಬಾಯಲ್ಲಿ ಹೊನ್ನುಹೊಳೆಯು, ಕೊಳ್ಳೇಗಾಲದ ಸಮೀಪದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಲ್ಲಿನಲ್ಲೇ ಬಳೆಗಳ ಸರಪಣಿಯನ್ನು ಕಡೆದ ಯಳಂದೂರಿನ ಬಳೆಮಂಟಪವನ್ನು ನೋಡಿದವರು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಆ ಊರಿನ ಹೊಲಗದ್ದೆಗಳನ್ನು ತಣಿಸಿದ ಹೊಳೆಯೂ ಇಲ್ಲಿಗೇ ಬರುತ್ತದೆಂಬುದನ್ನು ನೆನೆಯುವುದು ಅಪರೂಪ. ಕೊಡಗಿನ ಮಳೆ, ವಯನಾಡಿನಿಂದ ಕಪಿಲೆಯು ಹೊತ್ತು ತಿರುಮಕೂಡಲಿನಲ್ಲಿ ಕಾವೇರಿಗೆ ಒಪ್ಪಿಸಿದ ಮಳೆ, ಬಿಳಿಗಿರಿಯ ತಪ್ಪಲಿನ ಮಳೆ, ಇವೆಲ್ಲ ಒಂದೇ ಪಾತ್ರದಲ್ಲಿ ಕೂಡಿ ದ್ವೀಪದ ಮೂತಿಗೆ ಬಂದು ತಾಗಿ, ಅಲ್ಲಿ ಎರಡಾಗುತ್ತವೆ.

ಹೊಳೆಯು ಎರಡಾಗುವ ಸ್ಥಳದಲ್ಲಿ ನಾವು ಬಹಳ ಹೊತ್ತು ಕುಳಿತೆವು. ಇಲ್ಲಿ ಹೊಳೆಗೆ ಅವಸರವಿಲ್ಲ. ಹಾಸುಬಂಡೆಗಳ ನಡುವೆ ಹತ್ತಾರು ಕವಲುಗಳಾಗಿ, ತಿಟ್ಟುಗಳನ್ನು ಬಳಸಿ, ಹೊಳೆಮತ್ತಿಯ ಬೇರುಗಳನ್ನು ತೊಳೆಯುತ್ತ, ಮುಂದೆ ತನಗೆ ಮೂರುನೂರು ಅಡಿಯ ಇಳಿತವು ಕಾದಿದೆಯೆಂಬುದನ್ನು ಅರಿಯದ ಹಾಗೆ ಅದು ಮೆಲ್ಲನೆ ಸಾಗುತ್ತದೆ. ಮೈಸೂರು ಪ್ರಸ್ಥಭೂಮಿಯು ಮುಗಿದು ತಮಿಳು ಬಯಲಿನ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯತೊಡಗುವ ಅಂಚು ಇದು. ಮೆಟ್ಟಿಲಿನ ಕಲ್ಲು ಅತ್ಯಂತ ಪುರಾತನವೂ ಕಠಿಣವೂ ಆದದ್ದರಿಂದ ನೀರು ಅದನ್ನು ಕೊರೆದು ಸಮಮಾಡಲಾರದೆ, ಶಿಲೆಯ ಬಿರುಕುಗಳ ಜಾಡನ್ನು ಹಿಡಿದು ಹೋಗಬೇಕಾಗುತ್ತದೆ. ಪಶ್ಚಿಮದ ಕವಲು ಒಂದು ಕಣಿವೆಗೆ ಬಿದ್ದು ಗಗನಚುಕ್ಕಿಯಾಯಿತು. ಪೂರ್ವದ ಕವಲು ಇನ್ನೊಂದಕ್ಕೆ ಬಿದ್ದು ಭರಚುಕ್ಕಿಯಾಯಿತು. ಕೊರೆಯಿಸಿಕೊಳ್ಳದೆ ನಡುವೆ ಉಳಿದ ನೆಲವೇ ಈ ದ್ವೀಪ. ಬಂಡೆಯ ಮೇಲೆ ಅಲ್ಲಲ್ಲಿ ಒರಳಿನಂಥ ದುಂಡನೆಯ ಕುಳಿಗಳಿವೆ. ಪ್ರವಾಹದ ಸುಳಿಗೆ ಸಿಕ್ಕಿದ ಬೆಣಚುಕಲ್ಲುಗಳು ಒಂದೇ ಕಡೆ ತಿರುಗಿ ತಿರುಗಿ ಅರೆದ ಕುಳಿಗಳು ಅವು. ಒಂದರೊಳಗೆ ಕೈಹಾಕಿ ನೋಡಿದರೆ ಅರೆದ ಕಲ್ಲು ಇನ್ನೂ ಅಲ್ಲಿಯೇ ಇತ್ತು, ಕೋಳಿಮೊಟ್ಟೆಯಷ್ಟು ನುಣುಪಾಗಿ. ಮೇಷ್ಟ್ರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಮತ್ತೆ ಕುಳಿಗೇ ಇಳಿಬಿಟ್ಟರು.

ಸತ್ತೇಗಾಲದ ಕಡೆಯಿಂದ ದ್ವೀಪಕ್ಕೆ ಬರುವ ಹಳೆಯ ಕಲ್ಲುಸೇತುವೆಯನ್ನು ಜನ ವೆಸ್ಲಿ ಸೇತುವೆಯೆನ್ನುತ್ತಾರೆ. ವೆಲ್ಲೆಸ್ಲಿಯೆಂಬ ಗವರ್ನರ್ ಜನರಲ್ಲನ ಹೆಸರು ನಾಲಗೆಗಳ ಮೇಲೆ ಸವೆದು ಹಾಗಾದದ್ದು. ಆಚೆಯ ಕವಲಿನ ಸೇತುವೆಗೆ ಮದರಾಸಿನ ಗವರ್ನರನಾಗಿದ್ದ ಲಷಿಂಗ್ಟನ್ನನ ಹೆಸರನ್ನು ಇಟ್ಟರು. ಹೆಸರುಗಳು ಆಂಗ್ಲರವಾದರೂ ಕಾರ್ಯವು ರಾಮಸ್ವಾಮಿ ಮೊದಲಿಯಾರರದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ದ್ವೀಪವು ಕಾಡುಬಿದ್ದು, ಸೇತುವೆಗಳು ಮುರಿದು, ಗುಡಿಗೆ ಹೋಗಿಬರುವ ದಾರಿಯೇ ಇಲ್ಲದಿದ್ದ ಸಮಯದಲ್ಲಿ, ಅವರು ಸ್ವಂತ ಧನವನ್ನೂ ಶ್ರಮವನ್ನೂ ವೆಚ್ಚಮಾಡಿ ಇವನ್ನು ಮತ್ತೆ ನಿಲ್ಲಿಸಿದರು. ಸರ್ಕಾರದವರು ಇದನ್ನು ಮೆಚ್ಚಿ ಜಹಗೀರನ್ನೂ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಕೊಟ್ಟರು. ಕಟ್ಟಿದ ರೀತಿಯನ್ನು ಗಮನಿಸಬೇಕು: ಕಮಾನುಗಳಿಲ್ಲ, ಹೊಳೆಯ ತಳದ ಬಂಡೆಗೇ ಒರಟಾದ ಕಲ್ಲುಕಂಬಗಳನ್ನು ನೆಟ್ಟು, ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ, ನಮ್ಮ ದೇವಾಲಯದ ಮಂಟಪವನ್ನೇ ಉದ್ದಕ್ಕೆ ಎಳೆದು ನೀರಿನ ಮೇಲೆ ನಿಲ್ಲಿಸಿದಂತಿದೆ. ನೇರವಾದ ಗೆರೆಯಲ್ಲಿ ಅದು ಹೋಗುವುದಿಲ್ಲ, ಗಟ್ಟಿಯಾದ ಬಂಡೆ ದೊರೆತಲ್ಲಿಗೆ ಬಾಗುತ್ತ ಹೋಗುತ್ತದೆ. 2018ರ ಮಹಾಪೂರದಲ್ಲಿ ಇದರ ಒಂದು ಭಾಗವು ಕೊಚ್ಚಿಹೋಯಿತು. ಮುರಿದ ಕಡೆ ನಿಂತು ಕೆಳಗೆ ನೋಡಿದಾಗ, ಬಿದ್ದ ತೊಲೆಗಳ ಮೇಲೆ ನೀರುಕಾಗೆಗಳು ರೆಕ್ಕೆಯನ್ನು ಬಿಚ್ಚಿಕೊಂಡು ಬಿಸಿಲಿಗೆ ಒಡ್ಡಿ ಕುಳಿತಿದ್ದವು. ನಾಕ್ಸಾಸಿನವರು ಎರಡೂವರೆ ಸಾವಿರ ವರ್ಷಗಳಿಂದ ಅಪೂರ್ಣವಾಗಿ ನಿಂತಿರುವ ಒಂದು ಬಾಗಿಲುವಾಡವನ್ನು ತಮ್ಮ ದ್ವೀಪದ ಲಾಂಛನವಾಗಿ ಕಾಪಾಡಿಕೊಂಡಿದ್ದಾರೆ. ನಾವು ಮನಸ್ಸುಮಾಡಿದರೆ ನಮ್ಮ ಈ ಕಲ್ಲುಗಂಬಗಳಲ್ಲಿ ಉಳಿದವನ್ನಾದರೂ ಹಾಗೆಯೇ ಉಳಿಸಿಕೊಳ್ಳಬಹುದು, ಉಳಿಸಿಕೊಳ್ಳಲೇಬೇಕು.

ಊರಿನ ನಡುವೆ ಜಗನ್ಮೋಹನ ರಂಗನಾಥನ ಗುಡಿ. ಶ್ರೀರಂಗಪಟ್ಟಣದವನು ಆದಿರಂಗ, ಇವನು ಮಧ್ಯರಂಗ, ಶ್ರೀರಂಗದವನು ಅಂತ್ಯರಂಗ. ಈ ಮೂವರನ್ನೂ ಒಂದೇ ದಿನದಲ್ಲಿ ದರ್ಶನಮಾಡುವುದು ಮಹಾಪುಣ್ಯಕರವೆಂದು ನಂಬಿಕೆ. ಅಲ್ಲಿ ನಾನು ಆ ದಿನ ಮೊದಲ ಬಾರಿಗೆ ಮನಗಂಡದ್ದೆಂದರೆ, ಮೂವರು ರಂಗರೂ ಪವಡಿಸಿರುವುದು ಕಾವೇರಿಯ ದ್ವೀಪಗಳಲ್ಲಿಯೇ ಎಂಬುದು. ಕ್ಷೀರಸಾಗರದ ನಡುವೆ ಶೇಷನ ಮೇಲೆ ಮಲಗಿದವನಿಗೆ ಭೂಮಿಯಲ್ಲಿ ತಕ್ಕ ಸ್ಥಳವನ್ನು ಹುಡುಕಿದವರು ಹೊಳೆಯ ನಡುವಣ ನೆಲವನ್ನೇ ಆರಿಸಿಕೊಂಡರು. ಹಾಗಾದ ಮೇಲೆ ಹೊಳೆಯೇ ಸಮುದ್ರವಾಯಿತು. ಶಿವನ ಹೆಸರಿನ ಈ ಸಮುದ್ರದಲ್ಲಿ ರಂಗನು ಮಲಗಿದ್ದಾನೆ, ಸೋಮೇಶ್ವರನು ಅವನ ನೆರೆಯಲ್ಲಿ ಇದ್ದಾನೆ, ಮಾರಮ್ಮನು ದಾರಿಯನ್ನು ಕಾಯುತ್ತಾಳೆ, ಗಗನಚುಕ್ಕಿಯ ನೆತ್ತಿಯಲ್ಲಿ ದರ್ಗಾ ಇದೆ. ಇಷ್ಟು ಚಿಕ್ಕ ನೆಲದಲ್ಲಿ ಇಷ್ಟು ಜನರಿಗೆ ಇಂಬಾಗಿದೆ.

ಅರಸರ ಕಥೆಯೂ ಇಲ್ಲಿ ಉಂಟು. ಉಮ್ಮತ್ತೂರಿನ ಗಂಗರಾಜನು ಈ ದ್ವೀಪವನ್ನು ತನ್ನ ದುರ್ಗವಾಗಿ ಮಾಡಿಕೊಂಡಿದ್ದನು. ನೀರೇ ಕಂದಕವಾಗಿರುವಲ್ಲಿ ಬೇರೆ ಕೋಟೆಯ ಅಗತ್ಯವು ಕಡಿಮೆ. 1509ರಲ್ಲಿ ಪಟ್ಟವನ್ನೇರಿದ ಕೃಷ್ಣದೇವರಾಯನು ಕೆಲವೇ ವರ್ಷಗಳಲ್ಲಿ ದಂಡೆತ್ತಿ ಬಂದು ಇದನ್ನು ವಶಪಡಿಸಿಕೊಂಡನು. ದ್ವೀಪವನ್ನಾಳಿದ ನಂದಿರಾಜನೆಂಬವನು ತನ್ನ ಒಂದು ಅಪಚಾರಕ್ಕೆ ಪ್ರಾಯಶ್ಚಿತ್ತವಾಗಿ ರಾಣಿಯೊಡನೆ ಕುದುರೆಯ ಮೇಲೆ ಗಗನಚುಕ್ಕಿಗೆ ಹಾರಿದನೆಂಬ ಐತಿಹ್ಯವೂ ಪ್ರಚಲಿತವಾಗಿದೆ. ಈ ಅಬ್ಬರದ ನೀರಿನ ಎದುರಿನಲ್ಲಿ ನಿಂತವರಿಗೆ ಅಂಥ ಕಥೆ ಹುಟ್ಟಿದುದು ಆಶ್ಚರ್ಯವೆನಿಸುವುದಿಲ್ಲ.

ಗುಡಿಯಿಂದ ಭರಚುಕ್ಕಿಗೆ ಟಾರು ರಸ್ತೆಯಿದೆ. ನಾವು ಅದನ್ನು ಬಿಟ್ಟು ದನಗಳು ನೀರಿಗಿಳಿಯುವ ದಾರಿಯನ್ನು ಹಿಡಿದೆವು. ಜಾಲಿಯ ಪೊದೆ, ಹುಣಿಸೆ, ಹೊಂಗೆ. ಎಡೆಯೆಡೆಯಲ್ಲಿ ರಾಗಿಯ ಹೊಲ. ಅದರ ಅಂಚಿನಲ್ಲಿ ಹಠಾತ್ತಾಗಿ ತೆರೆಯುವ ಒಂದು ಮರಳ ಮಡಿಲು. ಹೊಳೆಯು ಬಾಗುವ ಕಡೆ ಒಳಬಾಗಿನಲ್ಲಿ ನೀರಿನ ವೇಗ ತಗ್ಗುವುದರಿಂದ ಅದು ಹೊತ್ತು ತಂದ ಮರಳನ್ನು ಅಲ್ಲಿ ಇಳಿಸುತ್ತದೆ. ಮೇಲ್ಹರಿವಿನ ತಲಕಾಡಿನಲ್ಲಿ ಅದೇ ಕಾವೇರಿಯ ಮರಳು ಗಾಳಿಯ ಕೈಗೂ ಸಿಕ್ಕಿ ದೇವಾಲಯಗಳನ್ನೇ ಮುಚ್ಚಿತು. ಇಲ್ಲಿ ಅಷ್ಟು ದೊಡ್ಡ ರಾಶಿಯಿಲ್ಲ, ನಾಲ್ಕು ಜನ ಕುಳಿತುಕೊಳ್ಳುವಷ್ಟು, ಮಕ್ಕಳು ಓಡುವಷ್ಟು. ಅದರ ಮೇಲೆ ರಾತ್ರಿ ಯಾವುದೋ ಪ್ರಾಣಿ ಮೀನನ್ನು ತಿಂದು ಬಿಟ್ಟ ಮುಳ್ಳುಗಳೂ ಸಣ್ಣ ಹೆಜ್ಜೆಗಳೂ ಇದ್ದವು. ನೀರುನಾಯಿಯೆಂದು ನಮ್ಮ ಊಹೆ. ಅಲ್ಲಿಯೇ ಬುತ್ತಿಯನ್ನು ಬಿಚ್ಚಿದೆವು. ರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಮೊಸರನ್ನ. ಎದುರಿನ ಕೊಂಬೆಯಿಂದ ಮಿಂಚುಳ್ಳಿಯೊಂದು ನೀರಿಗೆ ಬಿದ್ದು ಎದ್ದು, ಮತ್ತೆ ಅದೇ ಕೊಂಬೆಗೆ ಬಂದು ಕುಳಿತಿತು. ನಾವು ಗಂಟೆಯನ್ನು ನೋಡಲಿಲ್ಲ. ಯಾತ್ರೆಯಲ್ಲಿ ಹೊಳೆಗೆ ಹೋದರೆ ಸ್ನಾನವಿದೆ, ಸಂಕಲ್ಪವಿದೆ, ಮುಂದಿನ ಗುಡಿಯಿದೆ. ವಿಹಾರವೆಂದು ಹೋದರೆ ಎರಡು ಚುಕ್ಕಿಗಳ ಮುಂದೆ ಅರ್ಧರ್ಧ ಗಂಟೆ, ಒಂದು ಭಾವಚಿತ್ರ, ಮತ್ತೆ ವಾಹನ. ಹೊಳೆಯ ಹತ್ತಿರ ಯಾವ ಕಾರ್ಯವೂ ಇಲ್ಲದೆ ಕುಳಿತಿರುವುದು ನಮ್ಮ ಅಭ್ಯಾಸದಲ್ಲಿ ಇಲ್ಲವಾಗಿದೆ, ಮತ್ತು ಎರಡು ಜಲಪಾತಗಳ ಕೀರ್ತಿಯು ನಡುವಣ ದ್ವೀಪವನ್ನೇ ಕಣ್ಣಿಗೆ ಮರೆಮಾಡಿದೆ.

ಭರಚುಕ್ಕಿಯು ಕಾಣುವುದಕ್ಕೆ ಬಹಳ ಮುಂಚೆಯೇ ಅದರ ಶಬ್ದವು ಕಾಲಿನ ಅಡಿಯ ನೆಲದಲ್ಲಿ ತಿಳಿಯುತ್ತದೆ. ಮಳೆಗಾಲದಲ್ಲಿ ಕಾಲು ಮೈಲಿಯ ಅಗಲಕ್ಕೂ ಒಂದೇ ತೆರೆಯಾಗಿ ಲಾಳದ ಆಕಾರದಲ್ಲಿ ಬೀಳುವ ಈ ನೀರು ಕಾರ್ತಿಕದಲ್ಲಿ ಹತ್ತಾರು ಎಳೆಗಳಾಗಿ ಬೇರ್ಪಟ್ಟಿರುತ್ತದೆ. ಮೆಟ್ಟಿಲಿಳಿದು ತಳಕ್ಕೆ ಹೋದರೆ ತುಂತುರು ಮುಖವನ್ನು ತೋಯಿಸುತ್ತದೆ. ಅಲ್ಲಿ ಹರಿಗೋಲಿನವರು ಇದ್ದಾರೆ. ಬಿದಿರಿನ ದೆಬ್ಬೆಗಳನ್ನು ಹೆಣೆದು ದೊಡ್ಡ ಪುಟ್ಟಿಯಂತೆ ಮಾಡಿ, ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಟಾರು ಬಳಿಯುತ್ತಾರೆ. ಮುಂದು ಹಿಂದು ಎಂಬ ಭೇದವಿಲ್ಲದ ಈ ದುಂಡನೆಯ ದೋಣಿಯು ಬಂಡೆಗಳ ನಡುವಣ ನೀರಿಗೆ ಹೇಳಿಮಾಡಿಸಿದ್ದು: ತಳ ಆಳವಿಲ್ಲದೆ ಇರುವುದರಿಂದ ಗೇಣುನೀರಿನಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಳುಕಿ ತಿರುಗಿಕೊಳ್ಳುತ್ತದೆ. ಹುಟ್ಟು ಹಾಕುತ್ತಿದ್ದ ಮುದುಕನನ್ನು ‘ಎಲ್ಲಾ ಕಾಲಕ್ಕೂ ಹರಿಗೋಲು ಬಿಡ್ತೀರೇನಪ್ಪ?’ ಎಂದು ಕೇಳಿದೆ. ‘ಎಲ್ಲಿ ಬುಟ್ಟದು ಸ್ವಾಮಿ! ಮೇಲೆ ಕಟ್ಟೆ ತುಂಬಿ ಬಾಗ್ಲು ತೆಗದ್ರೆ ನೀರು ಕೆಂಪಾಯ್ತದೆ. ಕೆಂಪಾದ ಹೊಳೆಗೆ ನಾವು ಕಾಲಿಕ್ಕಾಕಿಲ್ಲ’ ಎಂದನು. ಈ ಮಾತನ್ನು ಪ್ರತಿಯೊಬ್ಬ ಸಂದರ್ಶಕನೂ ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಇಲ್ಲಿಯ ನೀರು ಈಗ ಕೇವಲ ಆಕಾಶದ ಅಧೀನವಲ್ಲ. ಕೃಷ್ಣರಾಜಸಾಗರದಿಂದಲೂ ಕಬಿನಿಯಿಂದಲೂ ಬಿಟ್ಟ ನೀರು, ಇಲ್ಲಿ ಒಂದು ಹನಿ ಮಳೆಯಿಲ್ಲದ ದಿನದಲ್ಲಿಯೂ ಹೊಳೆಯನ್ನು ಏರಿಸಬಲ್ಲುದು. ಬಂಡೆಯ ಮೇಲೆ ಪಾಚಿ ಇರುತ್ತದೆ, ಮಡುವಿನ ಆಳವು ಮೇಲಿನಿಂದ ತಿಳಿಯದು. ನಾಕ್ಸಾಸಿಗೆ ಹೋದ ಹುಡುಗಿಯಂತೆ ಕಂಡಲ್ಲಿ ನೀರಿಗಿಳಿಯುವ ಸ್ವಾತಂತ್ರ್ಯವು ಇಲ್ಲಿಲ್ಲ. ಸ್ಥಳದವರು ಬೇಡವೆಂದ ಕಡೆ ಕಾಲಿಡದವನಿಗೆ ಮಾತ್ರ ಈ ದಡವು ಕ್ಷೇಮ.

ಮಧ್ಯಾಹ್ನವಿಳಿದ ಮೇಲೆ ದ್ವೀಪವನ್ನು ಅಡ್ಡಹಾಯ್ದು ಪಶ್ಚಿಮದ ದಡಕ್ಕೆ, ದರ್ಗಾದ ಕಡೆಗೆ ಬಂದೆವು. ಎದುರಿನಲ್ಲಿ ಗಗನಚುಕ್ಕಿ, ಅದರಾಚೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು, ನಾವು ನಿಂತದ್ದು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. 1956ನೆಯ ನವೆಂಬರ್ 1ರ ವರೆಗೆ ಈ ಕವಲು ಎರಡು ರಾಜ್ಯಗಳ ಗಡಿಯಾಗಿತ್ತು. ಆ ದಡವು ಮೈಸೂರು, ಈ ದಡವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆ. ಕನ್ನಡವನ್ನೇ ಆಡುವ ಕೊಳ್ಳೇಗಾಲದ ಜನರು ಕನ್ನಡದ ರಾಜ್ಯಕ್ಕೆ ಸೇರುವುದಕ್ಕೆ ಅಷ್ಟು ಕಾಲ ಕಾಯಬೇಕಾಯಿತು. ಆಚೆಯ ದಡದ ಕೆಳಗಿರುವ ವಿದ್ಯುದಾಗಾರವು ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಉಪಕ್ರಮಿಸಿ, ಅವರು 1901ರಲ್ಲಿ ತೀರಿಕೊಂಡ ಮೇಲೆ ಪೂರ್ಣಗೊಂಡಿತು. 1902ನೆಯ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುಚ್ಛಕ್ತಿಯು 92 ಮೈಲಿಗಳ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಹೊತ್ತಿಸಿತು. ಬೇಸಗೆಯಲ್ಲಿ ಗಣಿಗೆ ಶಕ್ತಿಯು ಕುಂದದಂತೆ ನೀರನ್ನು ಕೂಡಿಡಬೇಕೆಂಬುದು ಕೃಷ್ಣರಾಜಸಾಗರವನ್ನು ಕಟ್ಟಿದ ಕಾರಣಗಳಲ್ಲಿ ಒಂದು. ಪಶ್ಚಿಮದ ಕವಲಿನ ನೀರನ್ನು ಜಲಪಾತಕ್ಕಿಂತ ಮೊದಲೇ ಕಾಲುವೆಗೆ ತಿರುಗಿಸುವುದರಿಂದ ಗಗನಚುಕ್ಕಿಯು ಬೇಸಗೆಯಲ್ಲಿ ಬರಿಯ ಬಂಡೆಯಾಗುವುದುಂಟು. ಅದನ್ನು ನೋಡಿ ಕೆಲವರು ವ್ಯಥೆಪಡುತ್ತಾರೆ. ನನಗೆ ಆ ಬಂಡೆಯ ಮೇಲೂ ಗೌರವವಿದೆ. ಒಂದು ನಾಡಿಗೆ ಬೆಳಕು ಕೊಡುವುದಕ್ಕಾಗಿ ಅದು ಒಣಗಿ ನಿಂತಿದೆ.

ದ್ವೀಪದ ಈಶಾನ್ಯದ ತುದಿಯಲ್ಲಿ ಎರಡು ಕವಲುಗಳೂ ಮತ್ತೆ ಕೂಡಿ, ಹೊಳೆಯು ಕಾಡಿನ ಕಮರಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ, ಈಚಿನ ವರ್ಷಗಳಲ್ಲಿ ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದ ಹನೂರಿನ ಅಡವಿಗಳನ್ನು ಬಲಕ್ಕೆ ಇಟ್ಟುಕೊಂಡು, ಮೇಕೆದಾಟನ್ನು ಹಾದು, ಮಾದಪ್ಪನ ಬೆಟ್ಟಗಳ ಬುಡವನ್ನು ಸುತ್ತಿ, ಹೊಗೇನಕಲ್ಲಿನಲ್ಲಿ ಮತ್ತೊಮ್ಮೆ ಧುಮುಕಿ ಅದು ತಮಿಳುನಾಡನ್ನು ಸೇರುತ್ತದೆ. ಆ ದಡಗಳು 1987ರಿಂದ ಕಾವೇರಿ ವನ್ಯಜೀವಿಧಾಮ. ಆನೆಯೂ ಮೊಸಳೆಯೂ ಬಿಳಿಮೀನೂ ಅಲ್ಲಿಯ ಒಡೆಯರು. ಅರಣ್ಯ ಇಲಾಖೆಯವರ ಅನುಮತಿಯಿಲ್ಲದೆ ಕಾಲಿಡಲಾಗದು, ಇಡಲೂಬಾರದು. ಆದರೂ ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಕನಕಪುರದ ಕಡೆಯ ಸಾವಿರಾರು ಭಕ್ತರು ಮೇಕೆದಾಟಿನ ಸಮೀಪದ ಸಂಗಮದ ಬಳಿ ಹೊಳೆಯನ್ನು ದಾಟಿ, ಕಾಡುದಾರಿಯಲ್ಲಿ ಹನೂರು ಸೀಮೆಗೆ ಬಂದು ಮಾದಪ್ಪನ ಬೆಟ್ಟವನ್ನು ಹತ್ತುತ್ತಾರೆ. ಹೊಳೆದಾರಿಯಲ್ಲಿ ನಡೆಯುವುದನ್ನು ನಮ್ಮ ಜನ ಮರೆತಿದ್ದಾರೆಂದು ಹೇಳಲು ಹೊರಟಿದ್ದ ನನಗೆ ಮೇಷ್ಟ್ರು ಇದನ್ನು ಜ್ಞಾಪಿಸಿದರು. ಮರೆತಿಲ್ಲ, ಹರಕೆಯಿದ್ದರೆ ನಡೆಯುತ್ತಾರೆ. ಹರಕೆಯಿಲ್ಲದೆಯೂ ನಡೆಯಬಹುದಾದ ಒಂದು ದಡವು, ಕಾಡುಮೃಗಗಳ ಭೀತಿ ಅಷ್ಟಿಲ್ಲದ ಈ ದ್ವೀಪದಲ್ಲಿ ಇದೆಯೆಂಬುದನ್ನು ಹೇಳುವುದಷ್ಟೇ ನನಗೆ ಉಳಿದದ್ದು. ಅದಕ್ಕೆ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ದನದ ದಾರಿಗಳನ್ನು ಮುಳ್ಳುಬೇಲಿಯಿಂದ ಮುಚ್ಚದೆ ಇರಬೇಕು. ಅಪಾಯದ ಮಡುಗಳ ಬಳಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ಹಲಗೆಗಳಿರಬೇಕು. ಬಂದವರು ಎಸೆದುಹೋಗುವ ಬಾಟಲಿಗಳೂ ಎಲೆಗಳೂ ಮರಳ ಮೇಲೆ ಉಳಿಯಬಾರದು. ನಾವು ಉಂಡ ಆ ಪುಟ್ಟ ಮಡಿಲಿನಲ್ಲಿಯೇ ಅಂಥ ಕಸವನ್ನು ಒಂದು ಚೀಲದಷ್ಟು ಆರಿಸಿದೆವು.

ಹೊತ್ತು ಇಳಿಯುವಾಗ ಹಿಂದಿರುಗಿದೆವು. ಭರಚುಕ್ಕಿಯ ಮೆಟ್ಟಿಲುಗಳ ತಲೆಯಲ್ಲಿ ಆ ಮುದುಕನೇ ಎದುರಾದನು. ಸೋರತೊಡಗಿದ ಹರಿಗೋಲನ್ನು ಟಾರು ಬಳಿಯುವುದಕ್ಕೆಂದು ಮನೆಗೆ ಒಯ್ಯುತ್ತಿದ್ದನು. ಬೋರಲಾಗಿ ತಲೆಯ ಮೇಲೆ ಹೊತ್ತುಕೊಂಡದ್ದರಿಂದ ಅವನ ಮುಖ ಕಾಣುತ್ತಿರಲಿಲ್ಲ. ದೊಡ್ಡ ಕಪ್ಪು ಆಮೆಯೊಂದು ಎದ್ದುನಿಂತು ಊರಿಗೆ ಹೊರಟಂತಿತ್ತು. ‘ನಾಳೆ ಬರ್ತೀರಾ ಸ್ವಾಮಿ?’ ಎಂದು ಅದರೊಳಗಿನಿಂದ ಕೇಳಿದನು. ಬರುತ್ತೇವೆಂದು ಮೇಷ್ಟ್ರು ಹೇಳಿದರು. ಅವನು ಗುಡಿಯ ಕಡೆಯ ದಾರಿಯನ್ನು ಹಿಡಿದು ಮುಂದೆ ಹೋದನು. ಹರಿಗೋಲಿನಿಂದ ತೊಟ್ಟಿಕ್ಕುತ್ತಿದ್ದ ನೀರು ದಾರಿಯುದ್ದಕ್ಕೂ ಧೂಳಿನ ಮೇಲೆ ಚುಕ್ಕಿಗಳನ್ನು ಇಡುತ್ತ ಹೋಯಿತು.